ಯೆಜ್ಡಿಗೆ ಕಾಯಿಲೆ, ಬೀದಿಗೆಲ್ಲ ವೈದ್ಯರು

ಮೈಸೂರಿನಲ್ಲಿ ಹಳೇ ಯೆಜ್ಡಿ ಬೈಕೊಂದು ರಸ್ತೆ ಬದಿ ನಿಲ್ಲಲಿ ನೋಡಿ, ಓನರ್ ಕೆಳಗಿಳಿಯುವ ಮೊದಲೇ ಔಷಧಿ ಹೇಳುವವರು ಸೇರಿರುತ್ತಾರೆ. ಅವರಲ್ಲೊಬ್ಬರಾದರೂ 'ನಮ್ಮ ಮನೆ ಯಾದವಗಿರಿ ಫ್ಯಾಕ್ಟರಿ ಹತ್ತಿರಾನೇ ಇತ್ತು ಕಣ್ರೀ' ಅನ್ನಲೇಬೇಕು. 1961ರಲ್ಲಿ ಶುರುವಾದ ಆ ಯೆಜ್ಡಿ ಫ್ಯಾಕ್ಟರಿ, ಐಡಿಯಲ್ ಜಾವಾ, 1996ರಲ್ಲಿ ಬಾಗಿಲು ಮುಚ್ಚಿತು. ಬಾಯಿ ಮಾತ್ರ ಯಾರೂ ಮುಚ್ಚಿಲ್ಲ.

ಇವರೆಲ್ಲರ ಕೈ ಮೊದಲು ಹೋಗುವುದು ಕಾರ್ಬೊರೇಟರಿಗೆ. ಯಾಕೆಂದರೆ ಅಲ್ಲಿ ತಿರುಗಿಸೋಕೆ ಸ್ಕ್ರೂ ಇದೆ! ಒಬ್ಬರು ಕಾಲು ಸುತ್ತು ಬಿಗಿ ಮಾಡ್ತಾರೆ, ಇನ್ನೊಬ್ಬರು ಅರ್ಧ ಸುತ್ತು ಸಡಿಲ ಮಾಡ್ತಾರೆ. ಒಂದಿದ್ದ ಕಾಯಿಲೆ ಎರಡಾಯಿತು. ಬಲಗಡೆ ಕಿಕ್ಕರ್ ಹುಡುಕುವ ಮಹಾನುಭಾವರೂ ಉಂಟು; ಈ ಗಾಡಿಯಲ್ಲಿ ಎಡಗಡೆಯ ಗೇರ್ ಲಿವರೇ ಕಿಕ್ಕರ್ ಸ್ವಾಮಿ!

ಮೊದಲು ಪ್ಲಗ್ ಬಿಚ್ಚಿ ಮುಖ ನೋಡಿ. ಬಿಸ್ಕತ್ತಿನ ಬಣ್ಣವಿದ್ದರೆ ಆರೋಗ್ಯ. ಮಸಿ ಮೆತ್ತಿದ್ದರೆ ಪೆಟ್ರೋಲ್ ಜಾಸ್ತಿ. ತೀರಾ ಬೆಳ್ಳಗಿದ್ದರೆ ಗಾಳಿ ಜಾಸ್ತಿ. ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಎದ್ದು, ಬಿಸಿಯಾದ ಮೇಲೆ ಕೆಮ್ಮಿ ಕೂತುಬಿಡುತ್ತದೋ, ಕಂಡೆನ್ಸರ್ ಮೇಲೆ ಅನುಮಾನ ಪಡಿ. ಇಗ್ನಿಷನ್ ಪಾಯಿಂಟ್ ತೆರೆದಾಗ ಸಂದು 0.4 ಮಿ.ಮೀ. ಇರಬೇಕು. ವಿಸಿಟಿಂಗ್ ಕಾರ್ಡ್ ತೂರಿಸಿ 'ಇಷ್ಟು ಸಾಕು ಬಿಡಿ' ಅನ್ನುವವರಿಂದ ಸ್ಪ್ಯಾನರ್ ಕಿತ್ತುಕೊಳ್ಳಿ.

ಇನ್ನು ಹೊಗೆ. ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಆಯಿಲ್ ಬೆರೆಸಿ ಕುಡಿಸುವ ಟೂ ಸ್ಟ್ರೋಕಿಗೆ ಹೊಗೆ ಬಿಡಬೇಡ ಅನ್ನೋಕಾಗುತ್ತದೆಯೇ? ಆದರೆ ಬೀದಿಯೆಲ್ಲ ಮುಚ್ಚುವಷ್ಟು ಬಿಳಿ ಹೊಗೆ ಬಂದು, ಗೇರ್‌ಬಾಕ್ಸಿನ ಆಯಿಲೂ ಇಳಿಯುತ್ತಿದ್ದರೆ ಕ್ಲಚ್ ಕಡೆಯ ಆಯಿಲ್ ಸೀಲ್ ಹರಿದಿದೆ. ಎಂಜಿನ್ ಅಲ್ಲಿಂದ ಕದ್ದು ಕುಡಿಯುತ್ತಿದೆ. ಡೈನಮೊ ಕಡೆಯ ಸೀಲ್ ಹೋದರೆ ಗಾಳಿ ನುಗ್ಗಿ, ಆಕ್ಸಿಲರೇಟರ್ ಬಿಟ್ಟರೂ ಗಾಡಿ ಕಿರುಚಿಕೊಳ್ಳುತ್ತದೆ. ಆಗ ಸ್ಕ್ರೂ ತಿರುಗಿಸುತ್ತಾ ಕೂತವರಿಗೆ ಒಂದು ಕಾಫಿ ಕೊಡಿಸಿ ಕಳಿಸುವುದೇ ರಿಪೇರಿ.

ಗೆಳೆಯರೊಬ್ಬರ ಗಾಡಿ ನಾಲ್ಕೈದು ಕಿಲೋಮೀಟರ್ ಓಡಿ ನಿಲ್ಲುತ್ತಿತ್ತು, ಸುಧಾರಿಸಿಕೊಂಡು ಮತ್ತೆ ಹೊರಡುತ್ತಿತ್ತು. ಪ್ಲಗ್, ಕಾಯಿಲ್, ಕಂಡೆನ್ಸರ್ ಎಲ್ಲ ಹೊಸದು ಹಾಕಿದ್ದಾಯಿತು. ಕೊನೆಗೆ ಗ್ಯಾರೇಜಿನ ಹುಡುಗ ಟ್ಯಾಂಕಿನ ಮುಚ್ಚಳ ತೆಗೆದ. 'ಉಸ್' ಅಂತು. ಮುಚ್ಚಳದಲ್ಲಿ ಗಾಳಿಯಾಡುವ ತೂತು ಕಟ್ಟಿಹೋಗಿತ್ತು. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಕೆಳಗಿಳಿಯುವುದಾದರೂ ಹೇಗೆ? ತೂತಿನಲ್ಲಿ ಇದ್ದದ್ದು ಪಾಲಿಶ್! ಪ್ರತಿ ಭಾನುವಾರ ಕಾಟನ್ ಬಟ್ಟೆ ಹಿಡಿದು ಆ ಮುಚ್ಚಳ ಉಜ್ಜುತ್ತಿದ್ದವರು ಯಾರು ಅಂತ ಗೆಳೆಯರ ಮನೆಯವರನ್ನು ಕೇಳಿ. ಕೂರಿಸಿ, ಉಪ್ಪಿಟ್ಟು ಕೊಟ್ಟು ಹೇಳ್ತಾರೆ.