ಐರನ್‌ಮ್ಯಾನ್ ಅಂಕಲ್ಲರ ಎಡಗಾಲು

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟು ಅಂದಮೇಲೆ ಅಲ್ಲೊಬ್ಬ ಐರನ್‌ಮ್ಯಾನ್ ಅಂಕಲ್ ಇದ್ದೇ ಇರುತ್ತಾರೆ. ವಯಸ್ಸು ನಲವತ್ತೈದರ ಆಸುಪಾಸು, ಕೆಲಸ ಸಾಫ್ಟ್‌ವೇರು, ಮಣಿಕಟ್ಟಿನಲ್ಲಿ ಅವರ ನಿದ್ದೆಗೂ ಅಂಕ ಕೊಡುವ ವಾಚು. ಭಾನುವಾರ ಬೆಳಗಿನ ಜಾವ ಲಿಫ್ಟಿನಲ್ಲಿ ಸೈಕಲ್ಲು ನೆಟ್ಟಗೆ ನಿಲ್ಲಿಸಿಕೊಂಡು ಇಳಿದರೆಂದರೆ, ನಂದಿಬೆಟ್ಟ ಹತ್ತಿ ಇಳಿದು, ದಾರಿಯಲ್ಲಿ ತಟ್ಟೆ ಇಡ್ಲಿ ತಿಂದು, ನಾವು ಎರಡನೇ ಕಾಫಿ ಕುಡಿಯುವ ಹೊತ್ತಿಗೆ ಹಾಜರ್. ಗೋವಾದಲ್ಲಿ 70.3 ರೇಸು ಮುಗಿಸಿದವರು: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್ಲು, ಅದರ ಮೇಲೆ 21.1 ಕಿ.ಮೀ. ಓಟ. ಇದು ಪೂರ್ತಿ ಐರನ್‌ಮ್ಯಾನಿನ ಅರ್ಧ ಮಾತ್ರ ಎಂಬುದು ಅಂಕಲ್ಲಿಗೆ ಆ ಹೆಸರಿಟ್ಟ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಗೊತ್ತಿಲ್ಲ. ಅಂಕಲ್ಲೂ ತಿದ್ದಲು ಹೋಗಿಲ್ಲ.

ಇಂಥವರ ಮೊಣಕಾಲಿನ ಎಸಿಎಲ್ ಎಂಬ ಲಿಗಮೆಂಟು ಹರಿಯುವುದು ಮ್ಯಾರಥಾನಿನಲ್ಲಲ್ಲ. ನೆಟ್ಟಗೆ ಎಷ್ಟು ದೂರ ಓಡಿದರೂ ಆ ಲಿಗಮೆಂಟು ತಕರಾರು ಮಾಡುವುದು ಅಪರೂಪ. ಪಾದ ನೆಲ ಕಚ್ಚಿ ನಿಂತು, ಮೈ ಮಾತ್ರ ಗಕ್ಕನೆ ತಿರುಗಬೇಕು. ಅಂಥ ಸುಯೋಗ ಒದಗಿಬರುವುದು ರಾಜ್ಯೋತ್ಸವದ ದಿನ, ಪೋಡಿಯಂ ಅಂಗಳದ ಖೋ-ಖೋದಲ್ಲಿ. ಅಟ್ಟಿಸಿಕೊಂಡು ಬಂದವಳು ಬಿ ಬ್ಲಾಕಿನ ಐದನೇ ಕ್ಲಾಸಿನ ಹುಡುಗಿ. ಅವಳು ಮುಟ್ಟಲೂ ಇಲ್ಲ. ಟಪ್ ಅಂತ ಒಂದು ಸದ್ದು, ಅಂಕಲ್ ನೆಲದಲ್ಲಿ. ಆಫೀಸಿಗೆ ತಲುಪುವ ವೇಳೆಗೆ ಇದೇ ಘಟನೆ ಚಿಕ್ಕಮಗಳೂರಿನ ಕಾಫಿ ತೋಟದ ಟ್ರೇಲ್ ರನ್ ಆಗಿರುತ್ತದೆ. ನಿಜ ಸಂಗತಿ ಸಿಸಿಟಿವಿಯಲ್ಲಿದೆ. ಸೆಕ್ಯೂರಿಟಿಯವರು ಬೇಸರವಾದಾಗ ಹಾಕಿಕೊಂಡು ನೋಡುತ್ತಾರೆ.

ಆಪರೇಷನ್ ಆಯಿತು. ತೊಡೆಯ ಹಿಂಬದಿಯಿಂದ ಒಂದಿಷ್ಟು ಸ್ನಾಯುರಜ್ಜು ತೆಗೆದು, ಮಡಚಿ, ಮೊಣಕಾಲೊಳಗೆ ಹೊಸ ಲಿಗಮೆಂಟು ಕೂಡಿಸಿದರು. ಹರಿದ ಮೆನಿಸ್ಕಸ್ ಎಂಬ ಮೆತ್ತೆಗೂ ಅಲ್ಲೇ ಹೊಲಿಗೆ. ನೋಡಲು ಬಂದ ಸೋದರಮಾವ, "ಸುಮ್ನೆ ಪುತ್ತೂರು ಕಟ್ಟು ಹಾಕಿಸ್ಕೊಂಡಿದ್ರೆ ಮುಗ್ದೋಗ್ತಿತ್ತು" ಎಂದರು. ಮೂಳೆ ಮುರಿದಿಲ್ಲ ಮಾವ ಎಂದರೆ, "ಅದಕ್ಕೇ ಸುಲಭ ಆಗ್ತಿತ್ತು ಅಂದೆ" ಎಂಬ ಉತ್ತರ ಬಂತು. ಡಾಕ್ಟರು ಹೇಳಿದ್ದು ಇನ್ನೂ ಕಹಿ: ರೇಸಿನ ಮಾತು ಒಂಬತ್ತು ತಿಂಗಳಾದ ಮೇಲೆ. ಒಂಬತ್ತು ತಿಂಗಳಾ ಎಂದು ಇವರು ಬಾಯಿ ಬಿಟ್ಟಾಗ ಹೆಂಡತಿ, "ನಾನು ಎರಡು ಸಲ ಕಾದಿದೀನಿ. ಕೂತ್ಕೊಳಿ" ಎಂದು ಎಳನೀರು ಕೈಗಿತ್ತರು.

ಕೂರುವುದೊಂದನ್ನು ಮಾತ್ರ ಅಂಕಲ್ ಕಲಿತಿಲ್ಲ. ಫಿಸಿಯೋ ಕೊಟ್ಟ ಮೊದಲ ವ್ಯಾಯಾಮವೆಂದರೆ ಟವೆಲ್ ಸುತ್ತಿ ಮೊಣಕಾಲ ಕೆಳಗಿಟ್ಟುಕೊಂಡು ಅದನ್ನು ಒತ್ತುವುದು. ಹತ್ತು ಸಲ ಒತ್ತಿ ಅಂದರೆ ನೂರು ಸಲ ಒತ್ತಿದರು, ಕಾಲು ಕುಂಬಳಕಾಯಿಯಾಯಿತು. ಆದರೂ ಅದು ಸ್ಟ್ರಾವಾ ಆ್ಯಪಿನಲ್ಲಿ ದಾಖಲಾಗಬೇಡವೇ? "ಟವೆಲ್ ಪ್ರೆಸ್, ಈಸಿ ಪೇಸ್. ದೂರ: 0.00 ಕಿ.ಮೀ." ಓಟದ ಬಳಗದವರು ಅದಕ್ಕೂ ಮೆಚ್ಚುಗೆ ಒತ್ತಿದರು, ಪಾಪ. ಬಾತಿದ್ದು ಇಳಿದ ಮೇಲೆ ಇನ್ನೊಂದು ಆಘಾತ: ಆಪರೇಷನ್ನಾದ ಕಾಲಿನ ತೊಡೆ ಕಣ್ಣೆದುರೇ ಸೊರಗುತ್ತಿದೆ. ಹೆಂಡತಿಯ ಬ್ಲೌಸ್ ಅಳತೆಯ ಟೇಪು ಅಂದಿನಿಂದ ಅಂಕಲ್ಲರ ಮಂಚದ ಪಕ್ಕಕ್ಕೆ ವರ್ಗವಾಯಿತು. ಬೆಳಿಗ್ಗೆ ಒಂದು ಅಳತೆ, ರಾತ್ರಿ ಒಂದು, ಎರಡೂ ಎಕ್ಸೆಲ್ ಶೀಟಿಗೆ.

ನಿಜವಾದ ಅವಮಾನ ಕಾದಿದ್ದುದು ಫಿಸಿಯೋ ಕೋಣೆಯಲ್ಲಿ. ಪಕ್ಕದ ಮಂಚದಲ್ಲಿ ಎಪ್ಪತ್ತೆರಡರ ಅಮ್ಮ, ಮೊಣಕಾಲನ್ನೇ ಬದಲಾಯಿಸಿಕೊಂಡವರು, ಬಾಯಲ್ಲಿ ಲವಂಗ. ಮಂಗಳೂರು ಕಡೆಯ ಫಿಸಿಯೋ ಹುಡುಗಿ ಕೋನಮಾಪಕ ಹಿಡಿದು, "ಅಮ್ಮನದ್ದು 105 ಡಿಗ್ರಿ" ಎಂದು ಕೂಗಿದಳು. ಅಂಕಲ್ಲರದು 90. ಮೆನಿಸ್ಕಸ್ಸಿನ ಹೊಲಿಗೆ ಕೂಡುವ ತನಕ, ಮೊದಲ ಕೆಲವು ವಾರ, 90ರಾಚೆ ಮಡಿಸಕೂಡದೆಂದು ಡಾಕ್ಟರ ಆಜ್ಞೆ. ಇದನ್ನು ಅವರು ಅಮ್ಮನಿಗೆ ವಿವರಿಸಿದರು. ಮರುದಿನ ಮತ್ತೆ ವಿವರಿಸಿದರು. ಅಮ್ಮ ಕರುಣೆಯಿಂದ, "ಆಗತ್ತೆ ಬಿಡಪ್ಪಾ, ವಯಸ್ಸಾಯ್ತಲ್ಲ, ನಿಧಾನವಾಗೇ ಬರತ್ತೆ" ಎಂದರು. ಆ ರಾತ್ರಿ ಅಂಕಲ್ಲರ ವಾಚು ನಿದ್ದೆಗೆ ಕೊಟ್ಟ ಅಂಕ ಜಸ್ಟ್ ಪಾಸು.

ಮೂರನೇ ತಿಂಗಳಿಗೆ ನೋವು ಹೋಯಿತು. ಇಂಥವರ ಬದುಕಿನಲ್ಲಿ ಅತ್ಯಂತ ಅಪಾಯದ ಕಾಲ ಇದೇ ಎನ್ನುತ್ತೇನೆ ನಾನು. ಕಸಿ ಮಾಡಿದ ರಜ್ಜು ಹೊಸ ಜಾಗಕ್ಕೆ ಒಗ್ಗಿ, ರಕ್ತನಾಳ ಬೆಳೆಸಿಕೊಂಡು ಲಿಗಮೆಂಟಾಗುವ ಮೊದಲು ಒಂದಷ್ಟು ದಿನ ಇನ್ನೂ ದುರ್ಬಲವಾಗುತ್ತದೆ. ಒಳಗೆ ಅದು ಸೋತು ಕೂತಿರುವ ಹೊತ್ತಿಗೇ ಹೊರಗೆ ಇವರಿಗೆ ಹುಮ್ಮಸ್ಸು. ಕಬ್ಬನ್ ಪಾರ್ಕಿಗೆ "ಬರೀ ನಡೆಯೋಕೆ" ಹೋಗುತ್ತಾರೆ; ಹಿಂದಿನಿಂದ ಹಳೆಯ ಎದುರಾಳಿ ದಾಟಿ ಹೋದರೆ ನಡಿಗೆ ತಾನಾಗಿ ಜಾಗ್ ಆಗುತ್ತದೆ. ಫಿಸಿಯೋ ಹುಡುಗಿ 2016ರ ಒಂದು ಅಧ್ಯಯನವನ್ನೇ ಮುಂದಿಟ್ಟಳು: ಆಟಕ್ಕೆ ಮರಳುವುದನ್ನು ಒಂಬತ್ತು ತಿಂಗಳವರೆಗೆ ಒಂದೊಂದು ತಿಂಗಳು ತಡಮಾಡಿದಂತೆಲ್ಲ ಮತ್ತೆ ಪೆಟ್ಟಾಗುವ ಸಂಭವ ಸುಮಾರು ಅರ್ಧದಷ್ಟು ಇಳಿಯುತ್ತದೆ. ಅಂಕಲ್ ಓದಿ, ಅದರಲ್ಲಿ ನಾರ್ವೆಯವರಿದ್ದಾರೆಂದು ಪತ್ತೆ ಮಾಡಿ, "ಅಲ್ಲಿ ಚಳಿ ಜಾಸ್ತಿ, ವಾಸಿಯಾಗೋದು ನಿಧಾನ" ಎಂದು ತೀರ್ಪು ಕೊಟ್ಟರು. ಕೊನೆಗೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂಬ ಒಪ್ಪಂದವಾಯಿತು. ಆ ಒಂದು ನಿಮಿಷಕ್ಕಾಗಿ ಹೊಸ ಶೂ ಬಂತು, ಮೊಣಕಾಲಿನವರೆಗಿನ ಬಿಗಿ ಕಾಲುಚೀಲ ಬಂತು, ಬೆನ್ನಿಗೆ ನೀರಿನ ಚೀಲವೂ ಬಂತು.

ಒಂಬತ್ತನೇ ತಿಂಗಳು ಪರೀಕ್ಷೆ. ಒಂಟಿಕಾಲಲ್ಲಿ ಮುಂದಕ್ಕೆ ಹಾರಬೇಕು, ಮೊದಲು ಒಳ್ಳೆಯ ಕಾಲು, ಆಮೇಲೆ ಆಪರೇಷನ್ನಿನ ಕಾಲು. ಎರಡನೆಯದು ಮೊದಲನೆಯದರ ಶೇ. 90ರಷ್ಟಾದರೂ ಹಾರಿದರೆ ಪಾಸು. ಅಂಕಲ್ ಇಂಜಿನಿಯರು, ಭಿನ್ನರಾಶಿಯ ಮರ್ಮ ಬಲ್ಲವರು. ಛೇದ ಸಣ್ಣದಾದರೆ ಉತ್ತರ ದೊಡ್ಡದಾಗುತ್ತದಲ್ಲ? ಬಲಗಾಲಲ್ಲಿ ಮನೆಯ ಹೊಸ್ತಿಲು ದಾಟುವಷ್ಟು ನಾಜೂಕಾಗಿ ಹಾರಿದರು. ಎಡಗಾಲಲ್ಲಿ ಹಲ್ಲು ಕಚ್ಚಿ ಹಾರಿ ಗೋಡೆಯ ತನಕ ಹೋದರು. ಫಿಸಿಯೋ ಹುಡುಗಿ ಲೆಕ್ಕ ಹಾಕಿ ಕತ್ತೆತ್ತಿದಳು.

"ಎಂತ ಸರ್ ಇದು, 140 ಪರ್ಸೆಂಟ್? ಬಲಗಾಲಿಗೆ ಎಂತಾಯ್ತು?"

"ಅದೇ ಮೇಡಂ, ನಂಗೂ ಡೌಟು" ಎಂದರು ಅಂಕಲ್, ಗಂಭೀರವಾಗಿ. "ಅದಕ್ಕೂ ಒಂದು ಎಂಆರ್‌ಐ ಮಾಡಿಸ್ಬೇಕು ಅನ್ಸತ್ತೆ. ಆದ್ರೆ ಈ ಭಾನುವಾರ ಬೇಡ, ನಂದಿ ಇದೆ."