ಕಾಗಿಣಾಕ್ಕೆ ಅವಸರವಿಲ್ಲ

ಕ್ರೀಟ್ ದ್ವೀಪದ ಸಮಾರಿಯಾ ಕಮರಿಯಲ್ಲಿ ನಡೆದು ಬಂದವರು ಆಮೇಲೆ ಸುಮ್ಮನೆ ಕೂಡುವುದಿಲ್ಲ. ನನ್ನ ಅಳಿಯನೂ ಕೂಡಲಿಲ್ಲ. "ಮಾಮಾ, 16 ಕಿಲೋಮೀಟರ್ ಸುಣ್ಣಕಲ್ಲಿನ ನಡುವ ನಡದೀನಿ" ಎಂದು ಕಲಬುರಗಿಯ ನಮ್ಮ ಪಡಸಾಲೆಯಲ್ಲಿ ಮೊಬೈಲ್ ಮುಂದೆ ಹಿಡಿದ. ಒಮಾಲೋಸ್ ಬಯಲಿನ ಅಂಚಿನಲ್ಲಿ ಇಳಿಯಲು ಶುರುಮಾಡಿದರೆ ಲಿಬಿಯನ್ ಸಮುದ್ರದ ದಂಡೆಗೇ ಮುಟ್ಟುವುದು. ಒಂದು ಕಡೆಯಂತೂ ದಾರಿ 4 ಮೀಟರ್ ಅಗಲ, ಆಚೀಚೆಯ ಗೋಡೆ 300 ಮೀಟರ್ ಎತ್ತರ. ಕ್ರಿ-ಕ್ರಿ ಎಂಬ ಕಾಡುಮೇಕೆ ಕಂಡೀತೇ ಎಂದು ಜನ ಕ್ಯಾಮೆರಾ ಹಿಡಿದು ಕಾಯುತ್ತಾರಂತೆ. ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಮೇಕೆಗೆ ಕಾಯುವ ಪ್ರಸಂಗ ಬರುವುದಿಲ್ಲ. ಅದೇ ಬಂದು ಕೈಚೀಲ ನೋಡುತ್ತದೆ.

ಇಷ್ಟನ್ನೂ ಅವನು ಹೇಳಿದ್ದು ಸುಣ್ಣಕಲ್ಲಿನ ಮೇಲೆ ಕೂತು. ನಮ್ಮ ಮನೆಗೆ ಹಾಸಿರುವುದು ಶಹಾಬಾದ್ ಪರಸಿ. ಬಾಗಿಲ ಬಳಿಯದು ಓಡಾಡಿದ ಕಾಲುಗಳಿಗೆ ಸವೆದು ನುಣುಪಾಗಿದೆ. ಮಂಚದ ಕೆಳಗಿನದು ಮಾತ್ರ ಖಣಿಯಿಂದ ಬಂದ ದಿನದ ಒರಟುತನ ಬಿಟ್ಟಿಲ್ಲ. ಸಂದಿಯಲ್ಲಿ ಬೆಳಗಿನ ಸುಸಲಾದ ನಾಲ್ಕು ಚುರಮುರಿ. ಬೇಸಿಗೆಯ ಮಧ್ಯಾಹ್ನ ಅವ್ವ ಈ ನೆಲಕ್ಕೆ ನೀರು ಚಿಮುಕಿಸಿ, ಹಾಸಿಗೆಯ ಗೊಡವೆಯಿಲ್ಲದೆ ಹಾಗೇ ಮಲಗುತ್ತಾಳೆ.

"ಮತ್ತ ನಮ್ಮಲ್ಲಿ ಯಾಕ ಕಮರಿ ಇಲ್ಲ?" ಎಂದು ಅಳಿಯ ಕೇಳಿದ, ಮಹಾನಗರಪಾಲಿಕೆಗೆ ಅರ್ಜಿ ಕೊಡುವವನ ದನಿಯಲ್ಲಿ. ಅಲ್ಲಿ ಆಫ್ರಿಕಾದ ನೆಲ ಯುರೋಪಿನ ನೆಲವನ್ನು ಒತ್ತಿ, ಕಡಲತಳದ ಸುಣ್ಣಕಲ್ಲು ಮಡಚಿ ಮುರಿದು ಬೆಟ್ಟವಾಗಿ ಎದ್ದಿತು. ಇಳಿಜಾರು ಸಿಕ್ಕ ನೀರು ಕೊರೆಯುತ್ತ ಹೋಯಿತು. ನಮ್ಮ ಭೀಮಾ ಸೀಮೆಯ ಕಲ್ಲು ಅದಕ್ಕಿಂತ ಎಷ್ಟೋ ಹಳೆಯದು. ಬುಟ್ಟಿಯಲ್ಲಿ ಪೇರಿಸಿಟ್ಟ ಕಡಕ್ ರೊಟ್ಟಿಯ ಹಾಗೆ ಪದರ ಪದರವಾಗಿ ಮಲಗಿದ್ದನ್ನು ಯಾರೂ ಅಷ್ಟಾಗಿ ಎಬ್ಬಿಸಲಿಲ್ಲ. ಕಾಗಿಣಾ ನದಿಗೂ ಕೊರೆಯುವ ಹಟವಿಲ್ಲ. ಮಳಖೇಡದಲ್ಲಿ ರಾಷ್ಟ್ರಕೂಟರ ರಾಜಧಾನಿಯನ್ನು ಒಮ್ಮೆ ನೋಡಿಕೊಂಡು, ಮೆಲ್ಲಗೆ ಹೋಗಿ ಭೀಮೆಗೆ ಸೇರುತ್ತದೆ.

ಕಮರಿ ಬೇಕೇಬೇಕೆಂದರೆ ಶಹಾಬಾದ್ ಕಡೆಯ ಖಣಿಗಳಿವೆ. ಪದರದ ಸಂದಿಗೆ ಉಳಿ ಇಟ್ಟು ಸುತ್ತಿಗೆಯಿಂದ ಬಡಿದು ಮೀಟಿದರೆ ಚಪ್ಪಡಿ ಸಪಾಟಾಗಿ ಮೇಲೇಳುತ್ತದೆ. ಮಲಗಿದ ಕಲ್ಲಿನ ಲಾಭ ಇದೇ: ಹೆಚ್ಚು ಕೊಯ್ಯುವ ಖರ್ಚಿಲ್ಲ, ಬಡವರ ಮನೆಗೂ ನೆಲವಾಯಿತು. ಕಲ್ಲು ತೀರಿದ ಖಣಿಗಳಲ್ಲಿ ಮಳೆನೀರು ಹಸಿರಾಗಿ ನಿಂತಿದೆ. ಸಮಾರಿಯಾ 1962ರಿಂದ ರಾಷ್ಟ್ರೀಯ ಉದ್ಯಾನ, ಕಲ್ಲು ಮುಟ್ಟುವಂತಿಲ್ಲ. ನಮ್ಮ ಕಮರಿ ಲಾರಿ ಹತ್ತಿ ಶಾಲೆಯ ವರಾಂಡ, ಬಚ್ಚಲು, ದೇವಸ್ಥಾನದ ಪೌಳಿಗಳಿಗೆ ಹಂಚಿಹೋಗಿದೆ. ಮಲಗಲು ಬರುವ ಕಮರಿಯೇ ವಾಸಿ ಎಂಬುದು ಅವ್ವನ ಪಕ್ಷ; ನಾನೂ ಅದೇ ಪಕ್ಷ.

ಅಳಿಯನ ಮುಖ ನೋಡಲಾರದೆ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಕರೆದೊಯ್ದೆ. ಈ ಕಡೆ ಸುಣ್ಣಕಲ್ಲು ಕಾಣಸಿಗದು. ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಹರಿದ ಲಾವಾ ಮೇಲೆ ಹೊದ್ದಿದೆ. ಅದು ಮಾಗಿ ಮಣ್ಣಾದಲ್ಲಿ ತೊಗರಿ, ಜೋಳ. ಕಮಲಾಪುರದಲ್ಲಿ ಜಿಐ ಮಾನ್ಯತೆ ಪಡೆದ ಕೆಂಬಾಳೆ. ಗೊನೆ ಕೈಗೆ ಬರಲು ಒಂದೂವರೆ ವರ್ಷ ಹಿಡಿಯುವ ಈ ಹಣ್ಣಿನ ರೇಟನ್ನು ಮಾರುವ ಆಯಿಯ ಬಾಯಲ್ಲಿ ಕೇಳಿದಾಗ ಅಳಿಯನಿಗೆ ಕಮರಿ ಮರೆತಿತು.

"ಕ್ರೀಟಿನ್ಯಾಗೂ ಬಾಳಿ ಬೆಳಿತಾರ, ಆಯಿ. ಆದ್ರ ಥಂಡಿ ನೋಡು, ಹಸಿರುಮನಿಯೊಳಗ ಬೆಳಿತಾರ" ಎಂದ, ಚೌಕಾಸಿಗೆ ಪೀಠಿಕೆಯಾಗಿ.

"ಮನಿತುಂಬ ಬಾಳಿ ಹಚ್ಚಿದ್ರ ಮಂದಿ ಎಲ್ಲಿ ಮಲಗ್ತಾರ, ತಮ್ಮಾ?" ಎಂದ ಆಯಿ, ಉತ್ತರಕ್ಕೆ ಕಾಯದೆ ಒಂದು ಡಜನ್ ಕೇಳಿದವನಿಗೆ ಎರಡು ಕಟ್ಟಿದಳು.