ಗೋಡೆಗಂಟಿದ ಬಾಳೆಹಣ್ಣು

ಇಟಲಿಯ ಕಲಾವಿದ ಮೌರಿಜಿಯೊ ಕ್ಯಾಟಲನ್ 2019ರ ಡಿಸೆಂಬರಿನಲ್ಲಿ ಮಯಾಮಿಯ ಆರ್ಟ್ ಬಾಸೆಲ್ ಮೇಳದಲ್ಲಿಟ್ಟ ‘ಕಮೀಡಿಯನ್’ ಕೃತಿಯಲ್ಲಿ ಇರುವುದು ಎರಡೇ: ಒಂದು ಬಾಳೆಹಣ್ಣು, ಅದನ್ನು ಗೋಡೆಗೆ ಓರೆಯಾಗಿ ಹಿಡಿದ ಬೂದು ಟೇಪು. ಬೆಲೆ 1,20,000 ಡಾಲರ್. ಕೊಳ್ಳುಬಾಕತನದ ಅಣಕವೆಂದರು, ಅಣಕವೂ ಬಿಕರಿಯಾಯಿತು.

ಟೇಪು: ನಾಲ್ಕು ದಿನಕ್ಕೆ ನೀನು ಕಪ್ಪಾಗುತ್ತೀಯಲ್ಲ, ಕೊಂಡವರ ಗತಿ?

ಹಣ್ಣು: ಅವರು ಕೊಂಡದ್ದು ನನ್ನನ್ನಲ್ಲ ಮಾರಾಯ, ಪ್ರಮಾಣಪತ್ರವನ್ನು. ನನ್ನ ಜಾಗಕ್ಕೆ ಅಂಗಡಿಯಿಂದ ಇನ್ನೊಬ್ಬ ಬರುತ್ತಾನೆ.

ಟೇಪು: ನನ್ನ ಕಥೆ?

ಹಣ್ಣು: ನಿನಗೂ ಬದಲಿ ಉಂಟು. ಹೇಗೆ ಅಂಟಿಸಬೇಕೆಂಬ ಸೂಚನೆ ಮಾತ್ರ ಕಾಯಂ.

ಟೇಪು: ಮೇಳದಲ್ಲೇ ಡೇವಿಡ್ ದತುನಾ ಎಂಬ ಕಲಾವಿದ ನಿನ್ನನ್ನು ಸುಲಿದು ತಿಂದನಂತೆ!

ಹಣ್ಣು: ತಿಂದದ್ದು ಹಳಬನನ್ನು. ಸ್ವಲ್ಪ ಹೊತ್ತಿಗೇ ಹೊಸಬನನ್ನು ಅಂಟಿಸಿದರು.

ಟೇಪು: ಇಷ್ಟಾದರೂ ಮಾರುಕಟ್ಟೆಗೆ ನಾಚಿಕೆಯಾಗಲಿಲ್ಲವೇ?

ಹಣ್ಣು: ಆಯಿತಪ್ಪ! 2024ರ ನವೆಂಬರಿನಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ನಾಚಿ ನಾಚಿ, ಶುಲ್ಕವೂ ಸೇರಿ 62 ಲಕ್ಷ ಡಾಲರಿಗೆ ಏರಿತು.

ಟೇಪು: ಕೊಂಡವರು ಯಾರು?

ಹಣ್ಣು: ಕ್ರಿಪ್ಟೋ ಉದ್ಯಮಿ ಜಸ್ಟಿನ್ ಸನ್. ಹಾಂಗ್‌ಕಾಂಗಿನಲ್ಲಿ ಪತ್ರಕರ್ತರನ್ನು ಕರೆಸಿ ಅವರೆದುರೇ ತಿಂದರು.

ಟೇಪು: ರುಚಿ?

ಹಣ್ಣು: ಬೇರೆ ಬಾಳೆಹಣ್ಣುಗಳಿಗಿಂತ ಚೆನ್ನಾಗಿದೆ ಎಂದರು.